‘ಬಾಡಿ ಆ್ಯಂಡ್ ಸೋಲ್’ ಕೇಳುವ ಬಗೆ: ಮೊದಲು ಮಟ್ಟು ಕಲಿಯಿರಿ, ಆಮೇಲೆ ಮಟ್ಟು ಬಿಟ್ಟವರನ್ನು ಕೇಳಿ

1939ರ ಅಕ್ಟೋಬರ್ 11ರಂದು ನ್ಯೂಯಾರ್ಕ್‌ನ ಸ್ಟುಡಿಯೊ ಒಂದರಲ್ಲಿ ಅಂದಿನ ಧ್ವನಿಮುದ್ರಣ ಮುಗಿಯುತ್ತಾ ಬಂದಿತ್ತು. ಆಗ ಅಮೆರಿಕದ ಜಾಝ್ ವಾದಕ ಕೋಲ್ಮನ್ ಹಾಕಿನ್ಸ್ ತಮ್ಮ ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಎಲ್ಲರಿಗೂ ಗೊತ್ತಿದ್ದ ‘ಬಾಡಿ ಆ್ಯಂಡ್ ಸೋಲ್’ ಎಂಬ ಪ್ರೇಮಗೀತೆಯನ್ನು ನುಡಿಸಿದರು. ಇಡೀ ಮುದ್ರಣ ಸುಮಾರು ಮೂರು ನಿಮಿಷದ್ದು. ಅದರಲ್ಲಿ ಹಾಡಿನ ಮಟ್ಟು ಗುರುತು ಸಿಗುವಂತೆ ಕೇಳಿಸುವುದು ಆರಂಭದಲ್ಲಿ ಮಾತ್ರ. ಆಮೇಲೆ ಹಾಕಿನ್ಸ್ ಮಟ್ಟನ್ನು ಕೈಬಿಡುತ್ತಾರೆ, ಮತ್ತೆ ಅದಕ್ಕೆ ಪೂರ್ತಿಯಾಗಿ ಮರಳುವುದೇ ಇಲ್ಲ. ಹೀಗಿದ್ದೂ ಆ ಗ್ರಾಮಫೋನ್ ತಟ್ಟೆ ಜನಸಾಮಾನ್ಯರ ನಡುವೆ ಭರ್ಜರಿಯಾಗಿ ಮಾರಾಟವಾಯಿತು, ಜಾಝ್ ಇತಿಹಾಸದ ಮೈಲಿಗಲ್ಲಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಾಡಬೇಕೆಂದು ಆರಿಸಿಕೊಂಡ ಧ್ವನಿಮುದ್ರಣಗಳ ಪಟ್ಟಿಯಲ್ಲಿಯೂ ಅದು ಇದೆ.

ನಾನು ಇದನ್ನು ಮೊದಲು ಕೇಳಿದಾಗ ಮೂಲ ಹಾಡು ನನಗೆ ಗೊತ್ತಿರಲಿಲ್ಲ. ನಾದ ಹಿಡಿಸಿತು, ಆದರೆ ವಾದ್ಯ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂಬುದೇ ತಿಳಿಯಲಿಲ್ಲ. ಕೆಲವು ವಾರಗಳ ನಂತರ, ಹಾಡು ಬಾಯಿಗೆ ಬಂದ ಮೇಲೆ, ಅದೇ ಮುದ್ರಣವನ್ನು ಮತ್ತೆ ಕೇಳಿದೆ. ಈ ಸಲ ಪ್ರತಿ ತಿರುವಿಗೂ ಕಾರಣ ಕಾಣತೊಡಗಿತು. 1939ರ ಕೇಳುಗರಿಗೆ ಮಟ್ಟು ಮೊದಲೇ ಗೊತ್ತಿತ್ತು. ಹಾಕಿನ್ಸ್ ಬಿಟ್ಟದ್ದನ್ನು ಅವರು ಮನಸ್ಸಿನಲ್ಲಿ ಹಾಡಿಕೊಳ್ಳುತ್ತಲೇ ಕೇಳುತ್ತಿದ್ದರು. ನಮಗೆ ಆ ಅನುಕೂಲವಿಲ್ಲ, ನಾವು ಅದನ್ನು ಸಂಪಾದಿಸಿಕೊಳ್ಳಬೇಕು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿ.

ಬೇಕಾದದ್ದು ಹೆಚ್ಚೇನಿಲ್ಲ. ಒಂದು ಒಳ್ಳೆಯ ಇಯರ್‌ಫೋನ್ ಬೇಕು, ಮೊಬೈಲಿನ ಸ್ಪೀಕರ್‌ನಲ್ಲಿ ತಗ್ಗು ಸ್ವರದ ಬಾಸ್ ವಾದ್ಯ ಕೇಳಿಸುವುದೇ ಇಲ್ಲ. ಒಂದು ಹಾರ್ಮೋನಿಯಂ ಅಥವಾ ಕೀಬೋರ್ಡ್ ಬೇಕು, ಮೊಬೈಲ್ ಆ್ಯಪ್ ಆದರೂ ಆದೀತು. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಬೇಕು. ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕಾಗಿಲ್ಲ. ಒಂದು ಪದವನ್ನು ಮಾತ್ರ ಮೊದಲೇ ಬಿಡಿಸಿಡುತ್ತೇನೆ. ಬ್ಯಾಲಡ್ ಎಂದೊಡನೆ ನಮಗೆ ಲಾವಣಿಯೋ ಕಥನಗೀತೆಯೋ ನೆನಪಾಗುತ್ತದೆ. ಜಾಝ್‌ನವರು ಬ್ಯಾಲಡ್ ಎನ್ನುವುದು ವಿಳಂಬ ಗತಿಯ ಹಾಡಿಗೆ, ಬಹುಪಾಲು ಪ್ರೇಮದ ಅಥವಾ ವಿರಹದ ಹಾಡಿಗೆ.

ಹೆಜ್ಜೆ 1: ಹಾಡಿನ ಹುಟ್ಟನ್ನು ತಿಳಿದುಕೊಳ್ಳಿ

ಸಂಗೀತ ಕಟ್ಟಿದವರು ಜಾನಿ ಗ್ರೀನ್. ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ, ಸ್ವಲ್ಪ ಕಾಲ ವಾಲ್ ಸ್ಟ್ರೀಟ್‌ನಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಸಂಗೀತಕ್ಕೆ ಬಂದ ಇಪ್ಪತ್ತೊಂದರ ಆಸುಪಾಸಿನ ಯುವಕ. ಬ್ರಿಟಿಷ್ ರಂಗನಟಿ, ಗಾಯಕಿ ಗರ್ಟ್ರೂಡ್ ಲಾರೆನ್ಸ್‌ಗೆ ಪಿಯಾನೊ ಸಾಥಿಯಾಗಿದ್ದರು, ಈ ಹಾಡನ್ನು ಮಾಡಿಕೊಟ್ಟದ್ದೂ ಆಕೆಗಾಗಿಯೇ. ಸಾಹಿತ್ಯಕ್ಕೆ ಎಡ್ವರ್ಡ್ ಹೇಮನ್, ರಾಬರ್ಟ್ ಸೌರ್, ಫ್ರಾಂಕ್ ಐಟನ್ ಎಂಬ ಮೂವರ ಹೆಸರಿದೆ. ಲಾರೆನ್ಸ್ ಹಾಡನ್ನು ಇಂಗ್ಲೆಂಡಿಗೆ ಒಯ್ದರು. 1930ರ ಆರಂಭದಲ್ಲಿಯೇ ಲಂಡನ್ನಿನ ಜ್ಯಾಕ್ ಹಿಲ್ಟನ್ ವಾದ್ಯವೃಂದ ಅದನ್ನು ಧ್ವನಿಮುದ್ರಿಸಿತು. ಅಮೆರಿಕದ ರಂಗಭೂಮಿಗೆ ಅದು ಬಂದದ್ದು ಆಮೇಲೆ. ಅದೇ ವರ್ಷದ ಅಕ್ಟೋಬರಿನಲ್ಲಿ ‘ತ್ರೀಸ್ ಎ ಕ್ರೌಡ್’ ಎಂಬ ಬ್ರಾಡ್‌ವೇ ಪ್ರದರ್ಶನದಲ್ಲಿ ಲಿಬ್ಬಿ ಹೋಲ್ಮನ್ ಹಾಡಿದರು. ಅದೇ ತಿಂಗಳಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಲಾಸ್ ಏಂಜಲೀಸ್‌ನಲ್ಲಿ ಮುದ್ರಿಸಿದರು. ಜಾಝ್‌ನೊಳಗೆ ಹಾಡಿನ ಪ್ರವೇಶ ಅಲ್ಲಿಂದ.

ಜ್ಯಾಕ್ ಹಿಲ್ಟನ್ ಎಂಬ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಹಿತ್ಯದ ಭಾವ ಸರಳವಾದದ್ದು. ಒಂಟಿಯಾದ ಜೀವವೊಂದು ತನ್ನನ್ನು ನಂಬದ ಪ್ರಿಯ ವ್ಯಕ್ತಿಗೆ ‘ನನ್ನ ತನುಮನವೆಲ್ಲ ನಿನ್ನದೇ’ ಎಂದು ಹೇಳುತ್ತದೆ. ಹೆಸರಿನ ಪದಗಳಿಗೆ ದೇಹ, ಆತ್ಮ ಎಂದು ಅರ್ಥ. ಅದರ ನಿಜವಾದ ತೂಕ ನಮ್ಮ ‘ತನುಮನ’ದಲ್ಲಿದೆ.

ಹೆಜ್ಜೆ 2: ಮಟ್ಟನ್ನು ಬಾಯಿಗೆ ತಂದುಕೊಳ್ಳಿ

ಎರಡು ಹಾಡುಗಾರಿಕೆಗಳಿಂದ ಆರಂಭಿಸಿ. ಮೊದಲನೆಯದು ಟೋನಿ ಬೆನೆಟ್ ಮತ್ತು ಏಮಿ ವೈನ್‌ಹೌಸ್ 2011ರ ಮಾರ್ಚ್‌ನಲ್ಲಿ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಹಾಡಿದ್ದು. ಅದೇ ಜುಲೈನಲ್ಲಿ ತೀರಿಕೊಂಡ ವೈನ್‌ಹೌಸ್‌ಗೆ ಅದು ಕೊನೆಯ ಧ್ವನಿಮುದ್ರಣ. ಎರಡನೆಯದು ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದು. ಆಕೆ ಮಾತನ್ನು ತಾಳದ ಹಿಂದೆ ಹಿಂದೆ ಎಳೆದು ತರುತ್ತಾರೆ. ಕಲಿಯಲು ಬೆನೆಟ್–ವೈನ್‌ಹೌಸ್ ಸುಲಭ, ಉಳಿಯುವುದು ಹಾಲಿಡೇ.

ಈಗ ಹಾರ್ಮೋನಿಯಂ ತೆಗೆದುಕೊಳ್ಳಿ. ಜಾಝ್ ವಾದಕರು ಈ ಹಾಡನ್ನು ರೂಢಿಯಾಗಿ ನುಡಿಸುವುದು ಡಿ ಫ್ಲ್ಯಾಟ್‌ನಲ್ಲಿ, ಎಂದರೆ ನಮ್ಮ ಲೆಕ್ಕದಲ್ಲಿ ಕಪ್ಪು ಒಂದು ಶ್ರುತಿ. ಎರಡು ಕಪ್ಪು ಕೀಲಿಗಳ ಗುಂಪಿನ ಎಡಕ್ಕೆ ಅಂಟಿಕೊಂಡ ಬಿಳಿ ಕೀಲಿಯೇ ಬಿಳಿ ಒಂದು, ಆ ಗುಂಪಿನ ಮೊದಲ ಕಪ್ಪು ಕೀಲಿಯೇ ಕಪ್ಪು ಒಂದು. ಅಲ್ಲಿಂದ ಬಲಕ್ಕೆ ಎಣಿಸುತ್ತಾ ಹೋಗಿ. ಕಪ್ಪು ಒಂದನ್ನು ಷಡ್ಜ ಎಂದಿಟ್ಟುಕೊಂಡರೆ, ಹಾಡು ಷಡ್ಜದಿಂದ ಹೊರಡುವುದಿಲ್ಲ. ರಿಷಭ–ಗಾಂಧಾರ–ರಿಷಭ ಎಂದು ಅಕ್ಕಪಕ್ಕದ ಎರಡು ಸ್ವರಗಳ ನಡುವೆ ತೂಗಾಡುತ್ತಾ ಶುರುವಾಗುತ್ತದೆ. ಕಪ್ಪು ಎರಡು, ಬಿಳಿ ನಾಲ್ಕು, ಮತ್ತೆ ಕಪ್ಪು ಎರಡು: ಒತ್ತಿ ನೋಡಿ. ಹೇಳಲೋ ಬೇಡವೋ ಎಂದು ಹಿಂಜರಿಯುವವರ ದನಿ ಅದರಲ್ಲಿದೆ. ಮೇಲಾಗಿ ಮಟ್ಟು ತಾಳದ ಮೊದಲ ಪೆಟ್ಟಿನ ಮೇಲೆ ಬೀಳುವುದಿಲ್ಲ. ಪೆಟ್ಟು ಬಿದ್ದ ಮೇಲೆ, ಒಂದು ಉಸಿರು ತಡೆದು ಏಳುತ್ತದೆ. ನಮ್ಮವರು ಅನಾಗತ ಎಡುಪು ಎನ್ನುವುದು ಇಂಥದ್ದಕ್ಕೇ. ಹಾಡಿನ ಹೆಸರು ಬರುವ ಸಾಲಿನ ಕೊನೆಯಲ್ಲಿಯೇ ಅದಕ್ಕೆ ನಿಜವಾದ ವಿಶ್ರಾಂತಿ.

ಈ ಭಾಗವನ್ನು ಕೇಳದೆಯೇ ಗುನುಗುವಷ್ಟು ಅಭ್ಯಾಸವಾಗುವವರೆಗೆ ಮುಂದಕ್ಕೆ ಹೋಗಬೇಡಿ.

ಹೆಜ್ಜೆ 3: ಆದಿ ತಾಳ ಹಾಕಿ ಅಳೆಯಿರಿ

ಜಾಝ್ ಹಾಡುಗಳ ರಚನೆಯನ್ನು ವಿವರಿಸುವಾಗ 32 ಬಾರ್ ಎನ್ನುತ್ತಾರೆ. ಒಂದು ಬಾರ್ ಎಂದರೆ ಇಲ್ಲಿ ನಾಲ್ಕು ಎಣಿಕೆ. ಎಂಟು ಬಾರ್‌ಗೆ ಒಂದು ಭಾಗ, ಅಂಥ ನಾಲ್ಕು ಭಾಗಗಳು. ಮೊದಲ, ಎರಡನೇ ಮತ್ತು ನಾಲ್ಕನೇ ಭಾಗಕ್ಕೆ ಒಂದೇ ಮಟ್ಟು. ಮೂರನೆಯದು ಮಾತ್ರ ಬೇರೆ. ಅದಕ್ಕೆ ಬ್ರಿಜ್, ಅಂದರೆ ಸೇತುವೆ, ಎಂದು ಹೆಸರು.

ನಮ್ಮ ಕೈಗೆ ಇದು ಚೆನ್ನಾಗಿ ಒಗ್ಗುತ್ತದೆ. ಎಂಟು ಎಣಿಕೆಯ ಆದಿ ತಾಳದ ಒಂದು ಆವರ್ತನಕ್ಕೆ ಎರಡು ಬಾರ್. ಹಾಗಾಗಿ ಒಂದು ಭಾಗಕ್ಕೆ ನಾಲ್ಕು ಆವರ್ತನ, ಪೂರ್ತಿ ಹಾಡಿನ ಒಂದು ಸುತ್ತಿಗೆ ಹದಿನಾರು. ಬಾಸ್ ವಾದ್ಯದ ನಡೆಯನ್ನು ಹಿಡಿದು ತೊಡೆಯ ಮೇಲೆ ತಾಳ ಹಾಕಿ. ಆದಿ ತಾಳದ ಘಾತಗಳನ್ನು ಅವರ ಸಂಗೀತದಲ್ಲಿ ಹುಡುಕಬೇಡಿ, ಅವರ ಒತ್ತು ಬೇರೆ ಕಡೆ ಬೀಳುತ್ತದೆ. ತಾಳ ನಮಗೆ ಅಳತೆಗೋಲು ಮಾತ್ರ. ಆದರೆ ಪ್ರತಿ ಭಾಗದ ಬಾಗಿಲು ತೆರೆಯುವುದು ಸಮದಲ್ಲಿಯೇ, ಎಂದರೆ ಆವರ್ತನದ ಮೊದಲ ಎಣಿಕೆಯಲ್ಲಿಯೇ. ಅಷ್ಟು ಸಾಕು. ಒಂಬತ್ತನೇ ಆವರ್ತನದ ಸಮದಲ್ಲಿ ಏನೋ ಬದಲಾಯಿತು ಎಂದು ನಿಮಗೆ ಅನ್ನಿಸಿದರೆ ಎಣಿಕೆ ಸರಿಯಾಗಿದೆ ಎಂದು ತಿಳಿಯಿರಿ.

ಹೆಜ್ಜೆ 4: ಸೇತುವೆ ದಾಟಿ

ಈ ಹಾಡಿನ ಸತ್ತ್ವವೆಲ್ಲ ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಒಂದು ದಿನವನ್ನು ಪೂರ್ತಿ ಇದಕ್ಕೇ ಕೊಡಿ.

ನಮ್ಮ ಸಂಗೀತದಲ್ಲಿ ತಂಬೂರಿ ಒಂದೇ ಷಡ್ಜವನ್ನು ಹಿಡಿದು ಕೂತಿರುತ್ತದೆ. ರಾಗ ಅದರ ಮೇಲೆ ಅರಳುತ್ತದೆ. ಜಾಝ್‌ನವರಲ್ಲಿ ತಂಬೂರಿಯ ಜಾಗದಲ್ಲಿ ಕಾರ್ಡ್‌ಗಳಿವೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಮೂರು ನಾಲ್ಕು ಸ್ವರಗಳ ಗುಚ್ಛ, ಅದು ಬಾರ್‌ನಿಂದ ಬಾರ್‌ಗೆ ಬದಲಾಗುತ್ತದೆ. ಎಂದರೆ ಮಟ್ಟಿನ ಕೆಳಗಿನ ನೆಲವೇ ಚಲಿಸುತ್ತಿರುತ್ತದೆ. ಹೀಗೆ ಮಾಡಿ ನೋಡಿ:

ಕಪ್ಪು ಎರಡು, ಮೂರು, ಐದನ್ನು ಒಟ್ಟಿಗೆ ಒತ್ತಿ. ಹಾಡು ಆರಂಭವಾಗುವ ಮ್ಲಾನವಾದ ಮೈನರ್ ಕಾರ್ಡ್ ಅದು. ಈಗ ಕಪ್ಪು ಒಂದು, ಬಿಳಿ ನಾಲ್ಕು, ಕಪ್ಪು ನಾಲ್ಕು. ಇದು ಮನೆ, ಷಡ್ಜದ ಕಾರ್ಡ್. ಮೊದಲ ಎರಡು ಭಾಗಗಳು ಆ ಮ್ಲಾನತೆಯಿಂದ ಹೊರಟು ಈ ಮನೆಗೆ ಬಂದು ಸೇರುವ ದಾರಿ.

ಮನೆಯ ಕಾರ್ಡನ್ನು ಕಿವಿಯಲ್ಲಿ ತುಂಬಿಕೊಂಡು, ಕೂಡಲೇ ಬಿಳಿ ಎರಡು, ಕಪ್ಪು ಮೂರು, ಬಿಳಿ ಆರನ್ನು ಒತ್ತಿ. ಸೇತುವೆಯ ಮೊದಲ ಹೆಜ್ಜೆ ಇದೇ. ಷಡ್ಜವೇ ಕಪ್ಪು ಒಂದರಿಂದ ಬಿಳಿ ಎರಡಕ್ಕೆ, ಅರ್ಧ ಸ್ವರದಷ್ಟು ಮೇಲಕ್ಕೆ ಸರಿದುಬಿಟ್ಟಿದೆ! ಗ್ರಹಭೇದ ಮಾಡುವವರು ಷಡ್ಜವನ್ನು ಬೇರೆ ಸ್ವರಕ್ಕೆ ಒಯ್ಯುತ್ತಾರೆ ನಿಜ, ಆದರೆ ಅಲ್ಲಿ ಸ್ವರಸ್ಥಾನಗಳೆಲ್ಲ ಇದ್ದ ರಾಗದವೇ ಆಗಿರುತ್ತವೆ. ಇಲ್ಲಿ ಕಾಲಿಟ್ಟ ಜಾಗದಲ್ಲಿ ಹಳೆಯ ಮನೆಯ ಸ್ವರಗಳು ಎರಡೇ ಉಳಿದಿರುತ್ತವೆ. ಕತ್ತಲ ಕೋಣೆಯಲ್ಲಿ ಕಿಟಕಿ ತೆರೆದಂತೆ ಬೆಳಕು ಬೀಳುತ್ತದೆ.

ಆ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸೇತುವೆಯ ಮೂರನೇ ಆವರ್ತನದಿಂದ ಹಾಡು ಬಿಳಿ ಒಂದರ ಕಡೆಗೆ ತಿರುಗುತ್ತದೆ. ಬಿಳಿ ಒಂದು, ಮೂರು, ಐದು ಒತ್ತಿ. ಎರಡು ಆವರ್ತನದ ಹಿಂದೆ ಮನೆಗಿಂತ ಅರ್ಧ ಸ್ವರ ಮೇಲಿದ್ದವರು ಈಗ ಮನೆಗಿಂತ ಅರ್ಧ ಸ್ವರ ಕೆಳಗೆ ಇದ್ದಾರೆ. ಇನ್ನು ಉಳಿದದ್ದು ಕೊನೆಯ ನಾಲ್ಕು ಎಣಿಕೆ. ಅಷ್ಟರಲ್ಲಿ ಮನೆಗೆ ಮರಳಬೇಕು. ಬಾಸ್ ಸ್ವರ ಬಿಳಿ ಒಂದರಿಂದ ಅದರ ಕೆಳಗಿನ ಬಿಳಿ ಏಳಕ್ಕೆ, ಅಲ್ಲಿಂದ ಕಪ್ಪು ಐದಕ್ಕೆ, ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಅಲ್ಲಿಂದ ನೇರವಾಗಿ ಆ ಮೊದಲ ಮ್ಲಾನ ಕಾರ್ಡ್‌ಗೆ. ಈ ಇಳಿಜಾರನ್ನು ಹತ್ತು ಸಲವಾದರೂ ಬೆರಳಿನಲ್ಲಿ ನುಡಿಸಿ. ಮುಂದೆ ಯಾರ ಮುದ್ರಣ ಕೇಳಿದರೂ ಈ ಜಾಗ ಬಂದಾಗ ನಿಮ್ಮ ಬೆರಳು ತಾನಾಗಿ ಅಲ್ಲಾಡುತ್ತದೆ.

ಮಾತಿನ ಪ್ರೇಮಗೀತೆ ಮಾತಿಲ್ಲದ ವಾದ್ಯಗಾರರ ಅಚ್ಚುಮೆಚ್ಚಿನದಾಗಲು ಈ ಎಂಟು ಬಾರ್‌ಗಳು ಮುಖ್ಯ ಕಾರಣ. ಕಾರ್ಡ್‌ಗಳ ಮೇಲೆ ಮನೋಧರ್ಮ ನಡೆಸುವವರಿಗೆ, ಎಂದರೆ ಆ ಕ್ಷಣದಲ್ಲಿಯೇ ಕಲ್ಪಿಸಿ ನುಡಿಸುವವರಿಗೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಸಿಗದು.

ಹೆಜ್ಜೆ 5: ಹಾಕಿನ್ಸ್ ಅವರನ್ನು ಮೂರು ಸಲ ಕೇಳಿ

ಕೇಳುವ ಮೊದಲು ಅವರು ಯಾರು ಎಂಬುದು ಗೊತ್ತಿರಲಿ. 1904ರಲ್ಲಿ ಮಿಸೌರಿಯ ಸೇಂಟ್ ಜೋಸೆಫ್‌ನಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ಪಿಯಾನೊ, ಚೆಲೊ ಕಲಿತಿದ್ದರು. ಒಂದು ಸಲಕ್ಕೆ ಒಂದೇ ಸ್ವರ ಊದಬಲ್ಲ ವಾದ್ಯ ಹಿಡಿದರೂ ಅವರ ಕಿವಿ ಕಾರ್ಡ್‌ನ ಎಲ್ಲ ಸ್ವರಗಳನ್ನೂ ಕೇಳಿಸಿಕೊಳ್ಳುತ್ತಿದ್ದುದಕ್ಕೆ ಇದೇ ಮೂಲ. ಫ್ಲೆಚರ್ ಹೆಂಡರ್ಸನ್ ವಾದ್ಯವೃಂದದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದು, ಟೆನರ್ ಸ್ಯಾಕ್ಸೊಫೋನ್ ಜಾಝ್‌ನಲ್ಲಿ ಗಂಭೀರ ಏಕವ್ಯಕ್ತಿ ವಾದ್ಯವಾಗಬಹುದೆಂದು ತೋರಿಸಿಕೊಟ್ಟರು. 1934ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಅವರು ಸೇರಿಕೊಂಡದ್ದು ಈ ಹಾಡನ್ನು ಮೊದಲು ತಟ್ಟೆಗೆ ತಂದವರಲ್ಲಿ ಒಬ್ಬರಾದ ಅದೇ ಜ್ಯಾಕ್ ಹಿಲ್ಟನ್ ಅವರನ್ನು. ಐದು ವರ್ಷ ಯುರೋಪಿನಲ್ಲಿ ಸುತ್ತಿ, ಎರಡನೇ ಮಹಾಯುದ್ಧ ಆರಂಭವಾಗುವ ಸ್ವಲ್ಪ ಮುಂಚೆ, 1939ರ ಜುಲೈನಲ್ಲಿ ಮರಳಿದರು. ಅಷ್ಟರಲ್ಲಿ ಲೆಸ್ಟರ್ ಯಂಗ್, ಬೆನ್ ವೆಬ್‌ಸ್ಟರ್, ಚೂ ಬೆರಿ ಎಂಬ ಟೆನರ್ ವಾದಕರ ಹೊಸ ತಲೆಮಾರು ಮುಂದೆ ಬಂದಿತ್ತು. ಹಾಕಿನ್ಸ್ ಇನ್ನೂ ಹಿಂದಿನ ಹಾಕಿನ್ಸ್ ಆಗಿ ಉಳಿದಿದ್ದಾರೆಯೇ ಎಂದು ಎಲ್ಲರೂ ನೋಡುತ್ತಿದ್ದ ಹೊತ್ತು ಅದು.

ಸ್ಯಾಕ್ಸೊಫೋನ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕದ್ರಿ ಗೋಪಾಲನಾಥರ ನಾದವೇ ಕಿವಿಗೆ ಬರುತ್ತದೆ. ಅವರ ಕೈಯಲ್ಲಿದ್ದದ್ದು ಆಲ್ಟೊ. ಟೆನರ್ ಅದಕ್ಕಿಂತ ದೊಡ್ಡದು, ಸ್ಥಾಯಿ ತಗ್ಗು, ನಾದ ಗಂಡುದನಿಗೆ ಹತ್ತಿರ. ಕದ್ರಿಯವರಲ್ಲಿ ಗಮಕ ಸ್ವರದಿಂದ ಸ್ವರಕ್ಕೆ ಹರಿಯುತ್ತದೆ. ಹಾಕಿನ್ಸ್ ಅವರಲ್ಲಿ ಸ್ವರ ನಿಂತಲ್ಲಿಯೇ ಅಗಲವಾಗಿ ಕಂಪಿಸುತ್ತದೆ, ಉಸಿರಿನ ಸದ್ದೂ ಅದರೊಂದಿಗೆ ಬರುತ್ತದೆ. ಈ ವ್ಯತ್ಯಾಸಕ್ಕೆ ಕಿವಿಯನ್ನು ಸಿದ್ಧಮಾಡಿಕೊಳ್ಳಿ.

ಮೊದಲ ಸಲ ಕೇಳುವಾಗ ತಾಳ ಹಾಕಿ, ಮೂಲ ಮಟ್ಟನ್ನು ಮೆಲ್ಲಗೆ ಗುನುಗುತ್ತಿರಿ. ಜೀನ್ ರಾಜರ್ಸ್ ಅವರ ಪಿಯಾನೊ ಪೀಠಿಕೆಗೆ ಎರಡು ಆವರ್ತನ. ಮೂರನೆಯದರಿಂದ ಹಾಕಿನ್ಸ್. ಅದನ್ನು ‘ಒಂದು’ ಎಂದು ಹೊಸದಾಗಿ ಎಣಿಸಿ. ಮೊದಲ ನಾಲ್ಕು ಆವರ್ತನ ನಿಮ್ಮ ಗುನುಗು ಮತ್ತು ಅವರ ಊದು ಹೆಚ್ಚುಕಡಿಮೆ ಜೊತೆಯಲ್ಲಿ ಸಾಗುತ್ತವೆ, ಸಾಲಿನ ಕೊನೆಗಳಲ್ಲಿ ಮಾತ್ರ ಅವರು ಸ್ವಲ್ಪ ಬಳಸಿ ಹೋಗುತ್ತಾರೆ. ಐದನೇ ಆವರ್ತನದಲ್ಲಿ ಅವರು ನಿಮ್ಮ ಕೈ ಬಿಡುತ್ತಾರೆ. ನೀವು ಮಾತ್ರ ಗುನುಗುವುದನ್ನು ಬಿಡಬೇಡಿ. ಎರಡು ದಾರಿಗಳು ಒಂದರ ಪಕ್ಕದಲ್ಲಿ ಒಂದು ನಡೆಯುವುದನ್ನು, ಆಗಾಗ ಒಂದೇ ಸ್ವರದಲ್ಲಿ ಸಂಧಿಸಿ ಬೇರೆಯಾಗುವುದನ್ನು ಗಮನಿಸಿ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ಉಳಿದು ಸಂಗೀತ ಬದಲಾಗುತ್ತಾ ಹೋಗುತ್ತದಲ್ಲ, ಇಲ್ಲಿ ಉಳಿಯುವುದು ಕಾರ್ಡ್‌ಗಳ ಸಾಲು. ಒಂಬತ್ತನೇ ಆವರ್ತನದಲ್ಲಿ ಸೇತುವೆ. ನಿಮ್ಮ ಷಡ್ಜ ಸರಿಯುತ್ತದೆ, ಅವರದೂ ಅದೇ ಕ್ಷಣದಲ್ಲಿ ಸರಿಯುತ್ತದೆ. ಮಟ್ಟು ಬಿಟ್ಟವರು ಹಾಡನ್ನು ಬಿಟ್ಟಿಲ್ಲ ಎಂಬುದಕ್ಕೆ ಸಾಕ್ಷಿ ಅಲ್ಲಿದೆ.

ಎರಡನೇ ಸಲ ಹಾಕಿನ್ಸ್ ಅವರನ್ನು ಬದಿಗಿಟ್ಟು ಹಿಂದಿನವರನ್ನು ಕೇಳಿ. ಬಾಸ್, ಡ್ರಮ್ಸ್, ಪಿಯಾನೊ ಯಾವ ಅಲಂಕಾರವೂ ಇಲ್ಲದೆ ದಾರಿ ಹಾಸುತ್ತವೆ. ಹದಿನೇಳನೇ ಆವರ್ತನದಿಂದ ಎರಡನೇ ಸುತ್ತು. ಆಗ ಉಳಿದ ಊದುವಾದ್ಯಗಳು ಹಿಂದಿನಿಂದ ನೀಳವಾದ ಕಾರ್ಡ್‌ಗಳನ್ನು ಹಿಡಿಯುತ್ತವೆ. ಇಡೀ ತಂಡಕ್ಕೆ ಇಷ್ಟೇ ಕೆಲಸ ಕೊಟ್ಟ ಧೈರ್ಯವನ್ನು ಮೆಚ್ಚಬೇಕು.

ಮೂರನೇ ಸಲ ಹಾಕಿನ್ಸ್ ಒಬ್ಬರನ್ನೇ ಕೇಳಿ. ಅವರು ಕಾರ್ಡ್‌ನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ, ಏಣಿ ಹತ್ತಿ ಇಳಿದಂತೆ ನುಡಿಸುತ್ತಾರೆ. ಬರೆದಿಟ್ಟ ಎರಡು ಕಾರ್ಡ್‌ಗಳ ನಡುವೆ ತಮ್ಮದೊಂದನ್ನು ಸೇರಿಸಿ, ನೆಲದಲ್ಲಿಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟು, ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಬರುತ್ತಾರೆ. ತಾಳದ ಗತಿ ಬದಲಾಗದೆ ಅವರ ನಡೆ ಮಾತ್ರ ಇಮ್ಮಡಿಯಾಗುತ್ತದೆ. ಆರಂಭದಲ್ಲಿ ಪಿಸುಮಾತಿನಂತಿದ್ದ ಸ್ವರ ಎರಡನೇ ಸುತ್ತಿನಲ್ಲಿ ಗಟ್ಟಿಯಾಗುತ್ತಾ, ಒರಟಾಗುತ್ತಾ, ಇಪ್ಪತ್ತೊಂಬತ್ತನೇ ಆವರ್ತನದಿಂದಾಚೆಗಿನ ಕೊನೆಯ ಭಾಗದಲ್ಲಿ ತಾರಕ್ಕೇರುತ್ತದೆ. ಆಮೇಲೆ ತಾಳ ನಿಲ್ಲುತ್ತದೆ. ಕೆಲವು ಕ್ಷಣ ಸ್ಯಾಕ್ಸೊಫೋನ್ ಒಂದೇ ಉಳಿದು, ಇಳಿದು, ಕಾರ್ಡ್‌ನೊಳಗೆ ಸೇರಿಕೊಳ್ಳುತ್ತದೆ. ಮೂರು ನಿಮಿಷ ಎನ್ನುವುದು ಆ ಕಾಲದ ಹತ್ತು ಅಂಗುಲದ ತಟ್ಟೆಯ ಮಿತಿ. ಆ ಮಿತಿಯನ್ನೇ ಅವರು ಏರಿಕೆಯ ಅಳತೆಯಾಗಿ ಬಳಸಿಕೊಂಡಿದ್ದಾರೆ. ಇನ್ನೊಂದು ಸುತ್ತು ಇದ್ದಿದ್ದರೆ ಹೆಚ್ಚಾಗುತ್ತಿತ್ತು.

ಹಳೆಯ ತಟ್ಟೆಗಳ ವೇಗದಲ್ಲಿ ಏರುಪೇರು ಇರುವುದರಿಂದ ನಿಮ್ಮ ಹಾರ್ಮೋನಿಯಂನ ಕಪ್ಪು ಒಂದಕ್ಕೆ ಮುದ್ರಣದ ಶ್ರುತಿ ಕೂದಲೆಳೆಯಷ್ಟು ಸೇರದಿರಬಹುದು. ಚಿಂತೆ ಬೇಡ.

ಹೆಜ್ಜೆ 6: ಹಿಂದಕ್ಕೂ ಮುಂದಕ್ಕೂ ಹೋಗಿ

ಹಿಂದಕ್ಕೆ ಹೋಗುವುದಾದರೆ ಬೆನ್ನಿ ಗುಡ್‌ಮನ್, ಟೆಡ್ಡಿ ವಿಲ್ಸನ್, ಜೀನ್ ಕ್ರೂಪಾ ಅವರ 1935ರ ಮೂವರ ತಂಡದ ಮುದ್ರಣ ಕೇಳಿ. ಕ್ಲ್ಯಾರಿನೆಟ್ ಎಷ್ಟು ಮರ್ಯಾದೆಯಿಂದ ಮಟ್ಟಿನ ಪಕ್ಕದಲ್ಲಿ ನಡೆಯುತ್ತದೆ ಎಂಬುದು ಗೊತ್ತಾದರೆ ನಾಲ್ಕು ವರ್ಷದಲ್ಲಿ ಹಾಕಿನ್ಸ್ ಎಷ್ಟು ದೂರ ನಡೆದರು ಎಂಬುದೂ ತಿಳಿಯುತ್ತದೆ. 1938ರಲ್ಲಿ ಚೂ ಬೆರಿ ಮತ್ತು ಟ್ರಂಪೆಟ್ ವಾದಕ ರಾಯ್ ಎಲ್ಡ್ರಿಜ್ ಮುದ್ರಿಸಿದ್ದರಲ್ಲಿ ನಡುವೆ ಗತಿಯೇ ದುಪ್ಪಟ್ಟಾಗುತ್ತದೆ.

ಮುಂದಕ್ಕೆ ಬಂದರೆ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 1960ರ ಮುದ್ರಣವನ್ನು ತಪ್ಪಿಸಬೇಡಿ. ಮೊದಲ ಭಾಗದ ಕೆಳಗೆ ಬಾಸ್ ಒಂದೇ ಸ್ವರವನ್ನು ಪಟ್ಟುಹಿಡಿದು ಮಿಡಿಯುತ್ತದೆ. ಚಲಿಸುತ್ತಿದ್ದ ನೆಲವನ್ನು ಅವರು ನಿಲ್ಲಿಸಿದ್ದಾರೆ, ತಂಬೂರಿಗೆ ಪಳಗಿದ ಕಿವಿಗೆ ಇದು ಬೇಗ ಹಿಡಿಸುತ್ತದೆ. ಸೇತುವೆಯಲ್ಲಿ ಮಾತ್ರ ಹಾಕಿನ್ಸ್‌ಗಿಂತಲೂ ಹೆಚ್ಚು ಕಾರ್ಡ್‌ಗಳನ್ನು ತುರುಕುತ್ತಾರೆ. ಸಾನಿ ರಾಲಿನ್ಸ್ 1958ರಲ್ಲಿ ಯಾರ ಸಾಥೂ ಇಲ್ಲದೆ ಟೆನರ್ ಒಂದರಲ್ಲಿಯೇ ಇದನ್ನು ನುಡಿಸಿದ್ದಾರೆ. ಈಗ ಕಾರ್ಡ್‌ಗಳನ್ನೂ ನೀವೇ ಮನಸ್ಸಿನಲ್ಲಿ ಹಿಡಿಯಬೇಕು. ಎಸ್ಪೆರಾನ್ಜಾ ಸ್ಪಾಲ್ಡಿಂಗ್ 2008ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ, ಐದರ ಎಣಿಕೆಯಲ್ಲಿ ಹಾಡಿದರು. ಆದಿ ತಾಳ ಬಿಟ್ಟು ಖಂಡದಲ್ಲಿ ಎಣಿಸಿ.

ಕೊನೆಯದಾಗಿ ಗಾಯಕ ಎಡ್ಡಿ ಜೆಫರ್ಸನ್. ಅವರು ಹಾಕಿನ್ಸ್ 1939ರಲ್ಲಿ ಊದಿದ ಮನೋಧರ್ಮದ ಒಂದೊಂದು ಸ್ವರಕ್ಕೂ ಮಾತು ಹೊಸೆದು ಹಾಡಿದರು. ಮಟ್ಟು ಬಿಟ್ಟು ಹೊರಟದ್ದೇ ಹೀಗೆ ಇನ್ನೊಂದು ಮಟ್ಟಾಯಿತು. ಹಾಗಾಗಿ ವಾರದ ಕೊನೆಯ ಅಭ್ಯಾಸ ಇದು: ಹಾಕಿನ್ಸ್ ಅವರ ಐದರಿಂದ ಎಂಟನೇ ಆವರ್ತನದವರೆಗಿನ ಭಾಗವನ್ನು ಮತ್ತೆ ಮತ್ತೆ ಹಾಕಿ, ತಾಳ ತಪ್ಪದೆ ಅಕಾರದಲ್ಲಿ ಹಾಡಲು ಪ್ರಯತ್ನಿಸಿ. ಒಂದು ಸಲಕ್ಕೆ ಒಂದೇ ಆವರ್ತನ ಸಾಕು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ತಿಳಿಯದಿದ್ದರೆ ಕಿವಿಗೊಟ್ಟು ಕೇಳಿ, ಅವರು ಉಸಿರು ತೆಗೆದುಕೊಳ್ಳುವ ಜಾಗ ಕೇಳಿಸುತ್ತದೆ.